ಆಗುಂಬೆಯ ಘಟ್ಟದಲ್ಲಿ ಒಂದು ಹೊಸ ಕಾರು

ತೀರ್ಥಹಳ್ಳಿಯಿಂದ ಉಡುಪಿಯತ್ತ ಸಾಗುವ ರಸ್ತೆ ಆಗುಂಬೆಯನ್ನು ದಾಟಿದ ಕೂಡಲೇ ಪಶ್ಚಿಮಕ್ಕೆ ಧುಮುಕುತ್ತದೆ. ಸೂರ್ಯಾಸ್ತವನ್ನು ನೋಡಲು ಜನ ನಿಲ್ಲುವ ಕಟ್ಟೆಯಿಂದ ಕೆಳಗೆ, ಸೋಮೇಶ್ವರದವರೆಗೆ, 14 ಕಡಿದಾದ ತಿರುವುಗಳು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸ್ಥಳ. ಬಂಡೆಗಳಿಗೆ ಪಾಚಿ, ರಸ್ತೆಗೆ ಮಂಜು. ಇಲ್ಲಿಗೆ ಸೌಂದರ್ಯೋಪಾಸಕರು ಬರುತ್ತಾರೆ, ಚಿತ್ರ ತೆಗೆಯುವವರು ಬರುತ್ತಾರೆ. ಆದರೆ ಕೂಡಿಟ್ಟ ಹಣವನ್ನೆಲ್ಲ ಒಂದು ಕಾರಿಗೆ ಸುರಿಯಹೊರಟ ಸಂಸಾರಸ್ಥನಿಗೂ ಇದು ಒಳ್ಳೆಯ ಒರೆಗಲ್ಲು. ಅಂಗಡಿಯವರು ಪರೀಕ್ಷೆಗೆಂದು ಒಯ್ಯುವ ಎರಡು ಮೈಲಿ ಸಪಾಟು ರಸ್ತೆಯಲ್ಲಿ ಎಲ್ಲ ಕಾರುಗಳೂ ಸಾಧುಗಳೇ.

ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತಯಾರಾಗಿ 2022ರಲ್ಲಿ ಪೇಟೆಗೆ ಬಂದ ಟೊಯೋಟ ಹೈರೈಡರನ್ನೇ ತೆಗೆದುಕೊಳ್ಳೋಣ. ಜೀಪಿನ ಗತ್ತು, ಕಾರಿನ ಮೈಕಟ್ಟು. ಕ್ರಾಸೋವರ್ ಎಂದು ಕರೆಯುವುದು ಇಂಥದನ್ನೇ. ನೆಲದಿಂದ 210 ಮಿಲಿಮೀಟರ್ ಎತ್ತರವಿರುವುದರಿಂದ ಮಲೆನಾಡಿನ ಗುಂಡಿಗಳಿಗೆ ಹೊಟ್ಟೆ ತಗಲುವ ಭಯ ಕಡಿಮೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ: ಒಂದು ಸಾದಾ ಪೆಟ್ರೋಲ್ ಎಂಜಿನ್ನಿನದು, ಇನ್ನೊಂದು ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಹೊಂದಿದ ಹೈಬ್ರಿಡ್. ಕೊಳ್ಳುವವನ ಸಂದಿಗ್ಧವೆಲ್ಲ ಇವೆರಡರ ನಡುವೆಯೇ.

ಘಟ್ಟಕ್ಕೆ ಇಳಿಯುವ ಮೊದಲೇ, ಮನೆಯ ಬಾಗಿಲಲ್ಲಿ, ಮೊದಲ ವ್ಯತ್ಯಾಸ ಕಾಣುತ್ತದೆ. ಸಾದಾ ಕಾರಿನ ಡಿಕ್ಕಿ 373 ಲೀಟರಿನದು. ಹೈಬ್ರಿಡ್ಡಿನಲ್ಲಿ ಬ್ಯಾಟರಿ ಅಲ್ಲಿಯೇ ಮಲಗಿ, ಜಾಗದ ಕಾಲುಭಾಗಕ್ಕೂ ಹೆಚ್ಚನ್ನು ನುಂಗಿಬಿಟ್ಟಿದೆ. ಮದುವೆಗೆ ಹೊರಟ ಐವರ ಪೆಟ್ಟಿಗೆಗಳು ಅದರಲ್ಲಿ ಹಿಡಿಯಲಾರವು. ಅಜ್ಜಿಯ ತೊಡೆಯ ಮೇಲೊಂದು ಚೀಲ ಕೂರಲೇಬೇಕು.

ಇಳಿಜಾರಿನಲ್ಲಿ ಮಾತ್ರ ಹೈಬ್ರಿಡ್ಡಿನದೇ ಮೇಲುಗೈ. ಬ್ರೇಕ್ ಒತ್ತಿದಾಗ ಸಾದಾ ಕಾರಿನಲ್ಲಿ ವೇಗದ ಬಹುಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. ಇಲ್ಲಿ ಮೋಟಾರು ತಿರುಗಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ಇದಕ್ಕೂ ಒಂದು ಮಿತಿಯುಂಟು. ಜನ, ಸಾಮಾನು ಸೇರಿ 1,600 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ, ಮನೆಯ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ, ಎರಡು ಯೂನಿಟ್ಟಿಗೂ ಹೆಚ್ಚು. ಬ್ಯಾಟರಿ ಹಿಡಿಯುವುದೋ ಮುಕ್ಕಾಲು ಯೂನಿಟ್! ಅರ್ಧ ಘಟ್ಟದಲ್ಲಿಯೇ ಅದು ತುಂಬಿಹೋದರೆ ಆಶ್ಚರ್ಯವಿಲ್ಲ. ಆಮೇಲೆ ಎಂಜಿನ್ ತಾನೇ ಗರಗರ ತಿರುಗಿ ಕಾರನ್ನು ಹಿಡಿದಿಡುತ್ತದೆ. ಆ ಸದ್ದಿಗೆ ಹೊಸಬರು ಗಾಬರಿಯಾಗಬೇಕಾಗಿಲ್ಲ. ಗೇರಿನ ಕೋಲನ್ನು ‘ಬಿ’ ಗುರುತಿಗೆ ಎಳೆದುಕೊಂಡು ನಿಧಾನವಾಗಿ ಇಳಿಯುವುದು ಕ್ಷೇಮ.

ಉಡುಪಿಯಿಂದ ಮರಳಿ ಏರುವಾಗ ಗುಣಗಳ ಜೊತೆಗೆ ದೋಷಗಳೂ ಹೊರಬೀಳುತ್ತವೆ. ಎಂಜಿನ್ ಮತ್ತು ಮೋಟಾರು ಕೂಡಿದರೂ ಹೈಬ್ರಿಡ್ಡಿನ ಬಲ 116 ಅಶ್ವಶಕ್ತಿಯ ಒಳಗೇ. ತುಂಬಿದ ಕಾರು ಕಡಿದಾದ ತಿರುವಿನಲ್ಲಿ ನಿಂತು ಹೊರಡುವಾಗ ಮೋಟಾರು ಮೃದುವಾಗಿ ಎತ್ತುತ್ತದೆ, ನಿಜ. ಆದರೆ ಏರು ಮುಂದುವರಿದಂತೆ ಮೂರು ಸಿಲಿಂಡರಿನ ಎಂಜಿನ್ನು ಗೊಣಗತೊಡಗುತ್ತದೆ. ಲೀಟರಿಗೆ 27.97 ಕಿಲೋಮೀಟರ್ ಎಂಬ ಕಂಪನಿಯ ಅಂಕಿಯನ್ನು ಈ ಏರಿನಲ್ಲಿ ನೆನೆಯದಿರುವುದೇ ಲೇಸು. ಅದು ಪರೀಕ್ಷಾಲಯದ ಅಂಕಿ.

ಹೈಬ್ರಿಡ್ಡಿಗೆ ಕೊಡಬೇಕಾದ ಹೆಚ್ಚಿನ ಬೆಲೆ ಲಕ್ಷಗಳ ಮಾತು. ಸಾದಾ ಕಾರು ಲೀಟರಿಗೆ 16, ಹೈಬ್ರಿಡ್ 22 ಕಿಲೋಮೀಟರ್ ಓಡುವುದೆಂದು ಇಟ್ಟುಕೊಂಡರೆ, ವರ್ಷಕ್ಕೆ 10,000 ಕಿಲೋಮೀಟರಿಗೆ ಉಳಿಯುವ ಪೆಟ್ರೋಲು ಸುಮಾರು 170 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ 17,000 ರೂಪಾಯಿ. ಹೆಚ್ಚು ಕೊಟ್ಟ ಹಣ ಮರಳಿ ಬರುವಷ್ಟರಲ್ಲಿ ಎಂಟನೆಯ ತರಗತಿಯ ಮಗಳು ಕಾಲೇಜು ಮುಗಿಸಿರಬಹುದು. ನಿಂತು ನಿಂತು ಚಲಿಸುವ ಬೆಂಗಳೂರಿನಲ್ಲಿ ದಿನವೂ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸುವವರಿಗೆ ಮಾತ್ರ ಈ ಲೆಕ್ಕ ಬೇಗ ಕೂಡುತ್ತದೆ. ವರ್ಷಕ್ಕೆರಡು ಬಾರಿ ಘಟ್ಟ ಹತ್ತಿ ಇಳಿಯುವುದಕ್ಕೂ ಹೈಬ್ರಿಡ್ ಸಾಕು. ಕಾರು ಬಹುತೇಕ ಮನೆಯ ಮುಂದೆಯೇ ನಿಲ್ಲುವುದಾದರೆ ಸಾದಾ ಎಂಜಿನ್ನೇ ಜಾಣತನ. ತೀರ್ಥಹಳ್ಳಿಯ ಸುತ್ತಿನ ತೋಟದವರ ಪ್ರಶ್ನೆ ಬೇರೆ. ಜೂನ್ ತಿಂಗಳ ಕೆಸರಿನಲ್ಲಿ ಮನೆಯಂಗಳ ಸೇರುವುದು ಅವರ ಚಿಂತೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಹೈರೈಡರ್ ಪೇಟೆಗೆ ಬಂದದ್ದು ಸಾದಾ ಎಂಜಿನ್ನಿನೊಂದಿಗೆ; ಅವರು ಮೊದಲು ಕೇಳಬೇಕಾದುದು ಅದನ್ನೇ.