ತುಕ್ಕಿನ ಬೆಲೆ

ತಂಗಿಯ ಮಗ ಹತ್ತನೇ ತರಗತಿ ಮುಗಿಸಿ ಬಡಗಿ ಕೆಲಸಕ್ಕೆ ಸೇರಿದ. ಮೊದಲ ತಿಂಗಳ ಕೂಲಿಯಲ್ಲೇ ಹೊಸ ಹತಾರಗಳ ಸೆಟ್ಟು ತಂದ. ಕೆಂಪು ಹಿಡಿಯ ನಾಲ್ಕು ಉಳಿ ಮತ್ತು ಒಂದು ರಂದಾ. ಅವನ ಮೇಸ್ತ್ರಿ ಆಚಾರರ ಬಾಯಲ್ಲಿ ಅದು ತೋಪಡ. ಎಲ್ಲ ಸೇರಿ ಒಂಬೈನೂರು ರೂಪಾಯಿ.

ಹದಿನೈದು ದಿನದಲ್ಲಿ ಹೊನ್ನೆ ಮರದ ಗಂಟಿಗೆ ತಾಗಿ ಉಳಿಯ ಬಾಯಿ ಮಡಚಿಕೊಂಡಿತು. ಸಾಣೆ ಹಿಡಿದರೂ ಸಂಜೆಯೊಳಗೆ ಮತ್ತೆ ಮೊಂಡು. ರಂದಾ ಒಂದು ಕಡೆ ಕಚ್ಚಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಹುಡುಗ ಸಪ್ಪೆ ಮೋರೆ ಮಾಡಿಕೊಂಡು, "ನನಗೆ ಈ ಕೆಲಸ ಹತ್ತೋದಿಲ್ಲ ಮಾಮು" ಎಂದ. ನಮಗೆ ಗಾಬರಿಯಾದದ್ದು ಆಗ. ಅಗ್ಗದ ಹತಾರ ಮಾಡುವವನು ಖರ್ಚು ಉಳಿಸುವುದು ಉಕ್ಕಿನ ಹದದಲ್ಲಿ, ತಳವನ್ನು ಸಮ ಮಾಡುವ ಕೆಲಸದಲ್ಲಿ, ಬಣ್ಣದಲ್ಲಲ್ಲ. ಕಸುಬಿಗೆ ಹೊಸಬನಾದವನು ಇದನ್ನರಿಯದೆ ತನ್ನ ಕೈಯನ್ನೇ ದೂರಿಕೊಳ್ಳುತ್ತಾನೆ.

ಆಚಾರರು ಹೇಳಿದರು: "ಹಳೇದು ನೋಡಿ ಸಾಬರೇ. ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ತಳಕ್ಕೆ ಉಕ್ಕಿನ ಸ್ಕೇಲು ಇಟ್ಟು ಬೆಳಕಿಗೆ ಹಿಡೀರಿ. ಬ್ಲೇಡಿನ ತುದಿಯಲ್ಲಿ ತುಕ್ಕು ಗುಳಿ ಬಿದ್ದಿದ್ದರೆ ಬಿಡಿ."

ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಗೋಣಿಚೀಲ ಹಾಸಿ ಕೂತಿದ್ದ ಒಬ್ಬ ಮುದುಕರ ಬಳಿ ಅಂಥದ್ದು ಸಿಕ್ಕಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾದ ರೆಕಾರ್ಡ್ ರಂದಾ, 04 ನಂಬರಿನದು. ಅಮೆರಿಕದ ಸ್ಟಾನ್ಲಿ ರಂದಾದ ಮಾದರಿಯಾದ್ದರಿಂದ ಇದಕ್ಕೆ ಹೊಂದುವ ಎರಡಿಂಚಿನ ಬ್ಲೇಡು ಇಂದಿಗೂ ಹೊಸದಾಗಿ ಸಿಗುತ್ತದೆ. ಸ್ಕೇಲು ಇಟ್ಟು ನೋಡಿದೆವು, ಬೆಳಕು ನುಸುಳಲಿಲ್ಲ. ಮುದುಕರು ಎಂಟುನೂರು ಎಂದರು.

"ಬರೀ ತುಕ್ಕು ಚಾಚಾ, ಗುಜರಿಗೆ ಹಾಕಿದರೂ ಇನ್ನೂರು ಹುಟ್ಟೋದಿಲ್ಲ" ಎಂದೆವು. ಕೊನೆಗೆ ಮುನ್ನೂರಕ್ಕೆ ಇಳಿದರು. ಕಾಗದದಲ್ಲಿ ಸುತ್ತುತ್ತಾ, "ಮೂವತ್ತು ವರ್ಷ ನಡೆಸಿದ್ದು ಸಾಬ್. ಈಗ ಎಲ್ಲಾ ಮಿಷನ್ನು" ಎಂದರು.

ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿ, ತಂತಿಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಎಣ್ಣೆ ಸವರಿದೆವು. ಆಚಾರರು ಬ್ಲೇಡಿಗೆ ಸಾಣೆ ಹಿಡಿದು ಕೊಟ್ಟರು. ಹುಡುಗ ಹಲಗೆಯ ಮೇಲೆ ನೂಕಿದ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸುರುಳಿ ಎದ್ದು ಬಂತು. ಅವನು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

"ಎಷ್ಟು ಕೊಟ್ಟಿರಿ?" ಆಚಾರರು ಕೇಳಿದರು. ಹೆಮ್ಮೆಯಿಂದ ಹೇಳಿದೆವು. ಅವರು ಏನೂ ಅನ್ನಲಿಲ್ಲ.

ಮಾರುವವನು ಸರಕಿನ ದೋಷ ಮುಚ್ಚಿಡಬಾರದೆಂದು ಚಿಕ್ಕಂದಿನಲ್ಲೇ ಕಲಿತವರು ನಾವು. ಕೊಳ್ಳುವವನು ಗುಣ ಮುಚ್ಚಿಡಬಹುದೇ? ತುಕ್ಕು ಒಂದು ರಾತ್ರಿಯಲ್ಲಿ ಹೋಗುತ್ತದೆಂದು ಗೊತ್ತಿದ್ದೇ ಅದನ್ನು ತೋರಿಸಿ ಬೆಲೆ ಇಳಿಸಿದ್ದೆವು.

ಮುಂದಿನ ಭಾನುವಾರ ಐನೂರು ರೂಪಾಯಿ ಹಿಡಿದು ಹೋದೆವು. ಮುದುಕರು ನೋಟನ್ನೂ ನಮ್ಮನ್ನೂ ನೋಡಿದರು. ನೋಟು ಜೇಬಿಗಿಟ್ಟು, ಚೀಲದಿಂದ ಎರಡು ಹಳೆಯ ಉಳಿ ತೆಗೆದು ನಮ್ಮ ಕೈಗಿಟ್ಟು, "ಈಗ ಲೆಕ್ಕ ಸರಿಯಾಯ್ತು" ಎಂದರು.

ಹಳೆಯದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಹಲ್ಲು ಸವೆದ ಗರಗಸ, ಗುರುತು ಅಳಿಸಿದ ಟೇಪು ಯಾರಿಗೂ ಬೇಡ. ಹಳೆಯದನ್ನು ಆರಿಸಲು ಬಲ್ಲವರ ಕಣ್ಣು ಬೇಕು. ಹೇಳಿಕೊಡುವವರಿಲ್ಲದಿದ್ದರೆ, ಅಗ್ಗದ ಸೆಟ್ಟಿನ ಹಣದಲ್ಲಿ ಒಂದೇ ಒಂದು ಒಳ್ಳೆಯ ಹೊಸ ಉಳಿ ಕೊಳ್ಳುವುದು ಮೇಲು. ಬಲ್ಲವರು ಜೊತೆಗಿದ್ದರೆ ಹಳೆಯದನ್ನೇ ಕೊಳ್ಳಿ. ಆದರೆ ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳಿ.