ದಾಸರಹಳ್ಳಿಯ ನೆಲ, ಶಾನುಭೋಗರ ಕಡತ

ಟಿ. ದಾಸರಹಳ್ಳಿಗೆ ಮೆಟ್ರೋ ಬಂದದ್ದು 2015ರ ಮೇ 1ರಂದು. ನಿಲ್ದಾಣದ ಮೆಟ್ಟಿಲಿಳಿದರೆ ತುಮಕೂರು ರಸ್ತೆಯ ಲಾರಿಗಳ ಆರ್ಭಟ, ಅಡ್ಡರಸ್ತೆಗೆ ಹೊಕ್ಕರೆ ಲೇತ್ ಯಂತ್ರಗಳ ಕಿರುಗುಟ್ಟುವಿಕೆ, ಗಾರ್ಮೆಂಟ್ಸ್ ಶಿಫ್ಟಿಗೆ ಬಿರಬಿರನೆ ಹೊರಟ ಹೆಣ್ಣುಮಕ್ಕಳು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಹೊಲವಿದ್ದ ಗುರುತು ಕಣ್ಣಿಗೆಲ್ಲೂ ಸಿಗದು.

ಸಿಕ್ಕಿದ್ದು ಒಂದು ಜೆರಾಕ್ಸ್ ಅಂಗಡಿಯಲ್ಲಿ. ಯಾರದೋ ಕ್ರಯಪತ್ರ ನಕಲಾಗಿ ಬರುತ್ತಿತ್ತು: ದಾಸರಹಳ್ಳಿ ಗ್ರಾಮ, ಯಶವಂತಪುರ ಹೋಬಳಿ, ಬೆಂಗಳೂರು ಉತ್ತರ ತಾಲ್ಲೂಕು, ಸರ್ವೆ ನಂಬರು, ಚಕ್ಕುಬಂದಿ. ನಾನು ಬೆರಗಾಗಿ ನಿಂತೆ. ಮೂರಂತಸ್ತಿನ ಮನೆಯ ಅಡಿಯಲ್ಲಿ ಹಳ್ಳಿ ಇನ್ನೂ ಉಸಿರಾಡುತ್ತಿದೆ!

ಇಂಥ ಹಳ್ಳಿಗಳ ಲೆಕ್ಕ ಇಟ್ಟವರು ಶಾನುಭೋಗರು. ಯಾರ ಹೊಲ ಎಲ್ಲಿಯವರೆಗೆ, ಯಾರ ಕಂದಾಯ ಬಾಕಿ, ಎಲ್ಲವೂ ಅವರಿಗೆ ಗೊತ್ತು. ಅವರ ಕಡತವನ್ನು ಕಣ್ಣಿಗೆ ತಂದುಕೊಳ್ಳಿ: ಒಂದಡಿಯೊಳಗಿನ ಅಗಲದ ಉದ್ದನೆ ಬಟ್ಟೆ, ಅದಕ್ಕೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬರೆಯುವುದು ಬಳಪದಲ್ಲಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಮಾಯ! ಒಂದು ಸಾಲು ಒರೆಸಿ ಬೇರೆ ಹೆಸರು ಬರೆಯುವುದು ಎಷ್ಟು ಹೊತ್ತಿನ ಕೆಲಸ? ಅಂಥ ಪುಸ್ತಕದ ಮೇಲೆ ಊರಿನ ಅನ್ನ ನಿಂತಿತ್ತೆಂದರೆ, ನಂಬಿಕೆಯೆಲ್ಲ ಬರೆಯುವವನ ಮೇಲೆಯೇ. ಆ ನಂಬಿಕೆಗೆ ದ್ರೋಹ ಬಗೆದವರೂ ಇದ್ದರು. ಗೇಣಿದಾರರ ನೋವು ಸುಳ್ಳಲ್ಲ.

ಲೆಕ್ಕ ಬರೆಯುವ ಕೈ ಎಷ್ಟು ದೊಡ್ಡ ಗುಟ್ಟು ಕಾಯಬಲ್ಲದು ಎಂಬುದಕ್ಕೆ ಪೂರ್ಣಯ್ಯನವರೇ ಸಾಕ್ಷಿ. ಲೆಕ್ಕಪತ್ರದ ಕೆಲಸದಿಂದಲೇ ಹೈದರಾಲಿಯ ಆಪ್ತರಾಗಿ ಬೆಳೆದವರು ಅವರು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ, ಯುದ್ಧದ ನಡುವೆ, ಹೈದರ್ ತೀರಿಕೊಂಡ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಡು ಒಡೆಯುತ್ತಿತ್ತು. ಪೂರ್ಣಯ್ಯ ಮತ್ತು ಹೈದರನ ಇನ್ನೊಬ್ಬ ಅಧಿಕಾರಿ ಕೃಷ್ಣರಾವ್ ತುಟಿ ಬಿಚ್ಚಲಿಲ್ಲ. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ಟಿಪ್ಪು ಬಂದು ಸೇರುವವರೆಗೆ ದಂಡು ಚದುರಲಿಲ್ಲ.

ವಂಶಪಾರಂಪರ್ಯದ ಶಾನುಭೋಗಿಕೆಯನ್ನು ರದ್ದು ಮಾಡಿದ್ದು 1961ರ ಕಾಯ್ದೆ. ಅದು 1963ರಲ್ಲಿ ಜಾರಿಯಾಯಿತು. ಆ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು, ಆಮೇಲೆ 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರಿಗೇರಿತು. ಆದದ್ದು ಒಳ್ಳೆಯದೇ. ಹೊಲ ಯಾರದೆಂಬುದು ಒಂದು ಮನೆತನದ ಗುಟ್ಟಾಗಿ ಉಳಿಯಬಾರದು.

ಕಡತಗಳು ಮಾತ್ರ ಉಳಿಯಬೇಕು. ಶೃಂಗೇರಿ ಮಠ ತನ್ನ ಕಡತಗಳನ್ನು ಕಾಪಾಡಿಕೊಂಡಿದೆ, ಇತಿಹಾಸಕಾರರು ಅವನ್ನು ಓದುತ್ತಿದ್ದಾರೆ. ನಿಮ್ಮ ಹಳೆಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಸಿಕ್ಕರೆ ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಗುಜರಿಗೂ ಹಾಕಬೇಡಿ. ರಾಜ್ಯ ಪತ್ರಾಗಾರ ಇಲಾಖೆಗೆ ತಿಳಿಸಿ.