ತಿರುವಿ ಗುಣಿಸು

ಮೇ ತಿಂಗಳ ರಜೆಯಲ್ಲಿ ಮೊಮ್ಮಗಳಿಗೆ ಗಣಿತ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಏಳನೆಯ ಇಯತ್ತೆ ಮುಗಿಸಿ ಎಂಟಕ್ಕೆ ಕಾಲಿಡಲಿರುವ ಹುಡುಗಿ. ಪಾಠ ಓದುವುದು ಇಂಗ್ಲಿಷಿನಲ್ಲಿ, ತರಕಾರಿಯವನ ಹತ್ತಿರ ಚೌಕಾಶಿ ಮರಾಠಿಯಲ್ಲಿ, ಬೈಗುಳ ಕೇಳುವುದು ಮಾತ್ರ ಕನ್ನಡದಲ್ಲಿ. ಡೊಂಬಿವಲಿಯ ನಮ್ಮ ಮನೆಯ ವ್ಯವಸ್ಥೆ ಇದು. ನಿಮ್ಮ ಮನೆಯದೂ ಬಹಳ ಬೇರೆಯಿರಲಾರದು.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದವನಿಗೆ ಮಾಧ್ಯಮಿಕ ಶಾಲೆಯ ಲೆಕ್ಕ ಯಾವ ಲೆಕ್ಕ ಎಂದು ನಾನು ಹುರುಪಿನಿಂದಲೇ ಕುಳಿತೆ. ಆದರೆ ಮಗ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಒಂದು ಮಾತು ಹೇಳಿದ: "ಅಪ್ಪಾ, ಕಲಸ್ರಿ. ಆದ್ರ ಬೈಬ್ಯಾಡ್ರಿ."

ಆ ಮಾತಿನ ಹಿಂದೆ ಏನಿದೆಯೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಹೊಸ ನೋಟ್ ಬುಕ್ಕಿನಲ್ಲಿ ಮೂರು ಅಂಕಣ ಹಾಕಿದೆ: ಬರುವುದು, ಮರೆತದ್ದು, ಎಂದೂ ತಿಳಿಯದ್ದು. ಹಳೆಯ ಪರೀಕ್ಷೆಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಲೆಕ್ಕವನ್ನು ಅದರದರ ಅಂಕಣಕ್ಕೆ ಸೇರಿಸುತ್ತ ಹೋದೆವು. ಮರೆತದ್ದಕ್ಕೆ ನಾಲ್ಕು ದಿನದ ಅಭ್ಯಾಸ ಸಾಕು. ತಿಳಿಯದ್ದನ್ನೇ ನಲವತ್ತು ಸಲ ಬರೆಸಿದರೆ ತಪ್ಪೇ ಗಟ್ಟಿಯಾಗುತ್ತದೆ. ಈ ಭೇದ ನನಗೆ ಹೊಳೆಯಲು ಎಪ್ಪತ್ತು ದಾಟಬೇಕಾಯಿತು.

ಮೂರನೆಯ ಅಂಕಣದ ತುಂಬ ಭಿನ್ನರಾಶಿಗಳೇ. ೧/೨ ಕ್ಕೆ ೧/೩ ಕೂಡಿಸಿದರೆ ೨/೫ ಎಂದು ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅವಳ ನ್ಯಾಯ ಅವಳಿಗೆ ಸರಿ. ನಾಲಗೆ ತುದಿಯವರೆಗೆ ಬಂದ ಮಾತನ್ನು ನುಂಗಿಕೊಂಡು ಮನೆಯಾಕೆಯಿಂದ ಒಂದು ಜೋಳದ ರೊಟ್ಟಿ ತರಿಸಿದೆ. "ಅರ್ಧ ರೊಟ್ಟಿ ತಿಂದಿ. ಹಸಿವು ಹಿಂಗಲಿಲ್ಲ, ಇನ್ನೂ ಮೂರರಾಗ ಒಂದು ಪಾಲು ತಿಂದಿ. ಒಟ್ಟು ತಿಂದದ್ದು ಅರ್ಧಕ್ಕಿಂತ ಹೆಚ್ಚಾಗಬೇಕೋ, ಕಡಿಮೆಯೋ?" ಹುಡುಗಿ ೨/೫ ನ್ನು ನೋಡಿದಳು, ರೊಟ್ಟಿಯನ್ನು ನೋಡಿದಳು, ನಕ್ಕುಬಿಟ್ಟಳು. ಐದರಲ್ಲಿ ಎರಡು ಪಾಲೆಂದರೆ ಅರ್ಧಕ್ಕಿಂತಲೂ ಕಡಿಮೆ! ಆಮೇಲೆ ರೊಟ್ಟಿಯನ್ನು ಆರು ಪಾಲು ಮಾಡಿ ಮೂರು ಮತ್ತು ಎರಡು ಕೂಡಿ ೫/೬ ಎಂದು ಅವಳೇ ಹೇಳಿದಳು.

ಅಂದು ಸಂಜೆ ಅವಳಿಗೆ ಮಹಾವೀರಾಚಾರ್ಯನ ಕಥೆ ಹೇಳಿದೆ. ಸುಮಾರು ಕ್ರಿ.ಶ. ೮೫೦ರ ಹೊತ್ತಿಗೆ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ ಜೈನ ಪಂಡಿತ. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲ.ಸಾ.ಅ. ತೆಗೆಯುವ ಕ್ರಮವನ್ನು ಆತ 'ನಿರುದ್ಧ' ಎಂಬ ಹೆಸರಿನಲ್ಲಿ ಹೇಳಿದ್ದಾನೆ. ಅದೇ ಮಹಾವೀರಾಚಾರ್ಯ, ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದೂ ಬರೆದ. ಅದು ಇಂದಿನ ಗಣಿತದ ಪ್ರಕಾರ ತಪ್ಪು. "ಅಷ್ಟು ದೊಡ್ಡಾವರೂ ತಪ್ತಾರೇನು?" ಎಂದು ಹುಡುಗಿಯ ಕಣ್ಣು ಅರಳಿತು. ನಿರುದ್ಧಕ್ಕಿಂತ ಆ ತಪ್ಪೇ ಅವಳಿಗೆ ಹೆಚ್ಚು ಧೈರ್ಯ ಕೊಟ್ಟಿತೆಂದು ತೋರುತ್ತದೆ.

ಮರುದಿನ ಭಾಗಾಕಾರ. "ಎರಡನೆಯದನ್ನು ತಿರುವಿ ಗುಣಿಸು" ಎಂದೆ. ಹುಡುಗಿ ಪೆನ್ಸಿಲು ಕೆಳಗಿಟ್ಟಳು. "ಯಾಕ ತಿರುವಬೇಕು ಅಜ್ಜಾ?"

ನನ್ನ ಎದೆ ಧಸಕ್ಕೆಂದಿತು. ೧೯೮೮ರಲ್ಲಿ, ಇದೇ ಊರಿನ ಚಾಳಿನ ಒಂದು ಕೋಣೆಯಲ್ಲಿ, ಆರನೆಯ ಇಯತ್ತೆಯಲ್ಲಿದ್ದ ನನ್ನ ಮಗ ಇದೇ ಪ್ರಶ್ನೆ ಕೇಳಿದ್ದ. ಲೋಕಲ್ಲಿನಲ್ಲಿ ನಿಂತು ಬಂದ ದಣಿವಿತ್ತು ಎಂದು ನಾನು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅವನ ಕೆನ್ನೆಗೆ ಹೊಡೆದದ್ದು ದಣಿವಿಗಲ್ಲ. ಉತ್ತರ ನನಗೆ ಗೊತ್ತಿರಲಿಲ್ಲ. "ಹೇಳಿದಷ್ಟು ಮಾಡು" ಎಂದೆ. ಅವನು ಮಾಡಿದ. ಹತ್ತನೆಯದನ್ನು ಹೇಗೋ ದಾಟಿ, ಗಣಿತವಿಲ್ಲದ ದಾರಿ ಹುಡುಕಿಕೊಂಡು ಹೋದ. ಇಂದು ಜಾಹೀರಾತಿಗೆ ಚಿತ್ರ ಬರೆಯುತ್ತಾನೆ, ಚೆನ್ನಾಗಿಯೇ ಇದ್ದಾನೆ. ಆದರೆ ನನ್ನ ಹತ್ತಿರ ಮತ್ತೆಂದೂ 'ಯಾಕೆ' ಎಂದು ಕೇಳಲಿಲ್ಲ.

"ನನಗೂ ಗೊತ್ತಿಲ್ಲವ್ವಾ. ಇಬ್ಬರೂ ಕೂಡಿ ಹುಡುಕೋಣ" ಎಂದೆ. ಈ ಮಾತನ್ನು ಆಡಲು ಇಷ್ಟು ಸುಲಭವೆಂದು ತಿಳಿದಿರಲಿಲ್ಲ.

ಅಡುಗೆಮನೆಯಿಂದ ಒಂದೂವರೆ ಕಿಲೋ ತೊಗರಿಬೇಳೆ ತಂದೆವು. ಪಾವು ಕಿಲೋದಂತೆ ಕಟ್ಟಿದರೆ ಎಷ್ಟು ಪೊಟ್ಟಣ? ತಕ್ಕಡಿಯಲ್ಲಿ ತೂಗುವ ಮೊದಲೇ ನನ್ನ ಬಾಯಿಂದ ಗದಗಿನ ಹತ್ತಿರದ ನಮ್ಮೂರ ಶಾಲೆಯ ಕಾಲು ಮಗ್ಗಿ ತಾನಾಗಿ ಬಂತು: ಒಂದ್ ಕಾಲು ಕಾಲು, ಎರಡ್ ಕಾಲು ಅರ್ಧ, ಮೂರ್ ಕಾಲು ಮುಕ್ಕಾಲು, ನಾಕ್ ಕಾಲು ಒಂದು. ರೂಪಾಯಿಗೆ ಹದಿನಾರು ಆಣೆಯಿದ್ದ ದಿನಗಳು ಅವು. ೧೯೫೭ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು, ನಾಲ್ಕಾಣೆಯ ಜಾಗಕ್ಕೆ ಬಂದ ಇಪ್ಪತ್ತೈದು ಪೈಸೆಯೂ ೨೦೧೧ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ಮಗ್ಗಿ ಮಾತ್ರ ಹೊಟ್ಟೆಯಲ್ಲಿ ಉಳಿದಿತ್ತು. ನಾಕ್ ಕಾಲು ಒಂದು! ಒಂದೊಂದು ಕಿಲೋದಲ್ಲಿ ನಾಲ್ಕು ಕಾಲು ಇವೆ. ಅಂದಮೇಲೆ ಕಾಲಿನಿಂದ ಭಾಗಿಸುವುದೆಂದರೆ ನಾಲ್ಕರಿಂದ ಗುಣಿಸುವುದೇ. ಒಂದೂವರೆಗೆ ಆರು.

"ಮುಕ್ಕಾಲು ಕಿಲೋದ ಪೊಟ್ಟಣ ಕಟ್ಟಿದ್ರ?" ಎಂದು ಹುಡುಗಿ ತಾನೇ ಕೇಳಿ ತಾನೇ ಹೇಳಿದಳು: "ಕಾಲು ಆರು ಅದಾವು. ಒಂದು ಪೊಟ್ಟಣಕ್ಕ ಮೂರು ಕಾಲು ಬೇಕು. ಅಂದ್ರ ಎರಡು. ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸೋದು... ಅಜ್ಜಾ, ಅದಕ್ಕ ತಿರುವೋದು!"

ತಲೆಯೆತ್ತಿ ನೋಡಿದರೆ ಮಗ ಬಾಗಿಲಲ್ಲಿ ನಿಂತಿದ್ದ. ಕೆಲಸದಿಂದ ಯಾವಾಗ ಬಂದನೋ, ಹೆಗಲ ಚೀಲ ಇಳಿಸಿರಲಿಲ್ಲ. ಸ್ವಲ್ಪ ಹೊತ್ತು ಬೇಳೆಯ ಪೊಟ್ಟಣಗಳನ್ನೇ ನೋಡಿ, "ಇಷ್ಟ ಏನ್ರಿ ಅಪ್ಪಾ?" ಎಂದ.

"ಇಷ್ಟ ನೋಡಪಾ. ಅವತ್ತ ನನಗೂ ಗೊತ್ತಿರಲಿಲ್ಲ" ಎಂದೆ.

ಅವನು ಏನೂ ಅನ್ನಲಿಲ್ಲ. ಚೀಲ ಕೆಳಗಿಟ್ಟು ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ನೋಟ್ ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡ. "ಮುಂದಿನ ಲೆಕ್ಕ ಯಾವುದವಾ?" ಎಂದು ಕೇಳಿದ.

ಆ ರಾತ್ರಿ ಊಟ ತಡವಾಯಿತು. ಮೂರನೆಯ ಅಂಕಣದಿಂದ ಒಂದು ಸಾಲು ಅಳಿಸಿದೆವು. ಅದು ಮೊಮ್ಮಗಳದೊಂದೇ ಆಗಿರಲಿಲ್ಲ.